ಅಡುಗೆಮನೆಯ ಕಪಾಟಿನ ವಿಷವನ್ನು ತೋರಿಸಿಕೊಟ್ಟ ರೇಚಲ್ ಕಾರ್ಸನ್

ಶ್ರೀನಿವಾಸಪುರದ ಕಡೆ ಮಾವು ಹೂ ಬಿಟ್ಟಿತೆಂದರೆ ಔಷಧಿ ಹೊಡೆಯುವ ಕಾಲ ಬಂತೆಂದೇ ಲೆಕ್ಕ. ಕೋಲಾರ, ಮುಳಬಾಗಿಲಿನ ಟೊಮೆಟೊ ಹೊಲಗಳಲ್ಲಿ, ಮಾಲೂರಿನ ತರಕಾರಿ ತೋಟಗಳಲ್ಲಿ ಅದಕ್ಕೆ ಇಂಥದೇ ಕಾಲವೆಂಬುದೂ ಇಲ್ಲ. ಕೆಮ್ಮುವ ಮಗುವಿಗೆ ಕುಡಿಸುವುದೂ ಔಷಧಿ, ಗಿಡದ ಹುಳುವಿಗೆ ಹೊಡೆಯುವುದೂ ಔಷಧಿ. ಹೆಸರು ಒಂದೇ ಆದುದರಿಂದಲೋ ಏನೋ, ಎರಡು ಸೀಸೆಗಳೂ ಒಂದೇ ಗೂಡಿನಲ್ಲಿ ಕುಳಿತಿರುವ ಮನೆಗಳು ನಮ್ಮಲ್ಲಿ ಇಲ್ಲದಿಲ್ಲ. ಒಳ್ಳೆಯ ಹೆಸರು ಹೊತ್ತು ಮನೆಯೊಳಕ್ಕೆ ಬರುವ ಇಂಥ ವಿಷದ ಬಗ್ಗೆ ಜಗತ್ತಿನ ತಾಯಂದಿರನ್ನು ಎಚ್ಚರಿಸಿದವರು ಅಮೆರಿಕದ ರೇಚಲ್ ಕಾರ್ಸನ್. ಆಕೆಗೆ ಮದುವೆಯಾಗಿರಲಿಲ್ಲ, ಹೆತ್ತ ಮಕ್ಕಳಿರಲಿಲ್ಲ. ಆದರೂ ಆಕೆಯ ಬದುಕಿನ ಕಥೆ ಕುಟುಂಬದ ಪುಟಕ್ಕೇ ಸೇರಿದ್ದು.

ರೇಚಲ್ ಹುಟ್ಟಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಊರಿನ ಬಡ ಕುಟುಂಬದಲ್ಲಿ. ತಾಯಿ ಮರಿಯಾ ಪ್ರೆಸ್ಬಿಟೇರಿಯನ್ ಸಭೆಯ ಬೋಧಕರೊಬ್ಬರ ಮಗಳು. ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಮಗಳ ಕೈಹಿಡಿದು ತೋಟ, ತೋಪು ಸುತ್ತಿಸಿ ಹಕ್ಕಿ, ಹುಳು, ಗಿಡಗಳ ಪರಿಚಯ ಮಾಡಿಸಿದರು. ಸೃಷ್ಟಿಯ ಯಾವ ಜೀವಿಯೂ ಕಡೆಗಣಿಸತಕ್ಕದ್ದಲ್ಲ ಎಂಬ ಪಾಠ ರೇಚಲ್‌ಗೆ ದೊರೆತದ್ದು ತಾಯಿಯ ಮಡಿಲಲ್ಲೇ. ಮಗಳ ಕಾಲೇಜು ಶುಲ್ಕಕ್ಕಾಗಿ ಈ ತಾಯಿ ಮನೆಯ ಪಿಂಗಾಣಿ ಸಾಮಾನುಗಳನ್ನೂ ಮಾರಿದರು. ಸಾಹಿತ್ಯ ಓದಲು ಹೋದ ರೇಚಲ್ ನಡುವೆ ಜೀವಶಾಸ್ತ್ರಕ್ಕೆ ಒಲಿದು, 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದರು.

ಮುಂದಿನದು ಹೊಣೆಗಳ ಸರಮಾಲೆ. 1935ರಲ್ಲಿ ತಂದೆ ತೀರಿಕೊಂಡರು. 1937ರಲ್ಲಿ ಅಕ್ಕ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಕಣ್ಮುಚ್ಚಿದರು. ಸರ್ಕಾರದ ಮೀನುಗಾರಿಕೆ ಇಲಾಖೆಯ ನೌಕರಿಯ ಸಂಬಳದಲ್ಲಿ ರೇಚಲ್ ತಾಯಿಯನ್ನೂ ಆ ಮಕ್ಕಳನ್ನೂ ಸಾಕಿದರು. ರಾತ್ರಿ ಹೊತ್ತು ಕುಳಿತು ಕಡಲಿನ ಬಗ್ಗೆ ಬರೆದರು. 1951ರಲ್ಲಿ ಬಂದ ಸಮುದ್ರದ ಕುರಿತ ಪುಸ್ತಕ ಆಕೆಗೆ ಹೆಸರನ್ನೂ ಹಣವನ್ನೂ ತಂದುಕೊಟ್ಟಿತು. 1957ರಲ್ಲಿ, ತಾವೇ ಸಾಕಿದ್ದ ಅಕ್ಕನ ಮಗಳು ಮಾರ್ಜರಿ ಸಹ ತೀರಿಕೊಂಡಾಗ ಅವಳ ಮಗ ರೋಜರ್‌ಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಐವತ್ತರ ಹೊಸ್ತಿಲಲ್ಲಿದ್ದ ರೇಚಲ್ ಆ ಅನಾಥ ಮಗುವನ್ನು ದತ್ತು ಪಡೆದರು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಕೈಯಲ್ಲಿ ಓಡಾಡುವ ಮಗು. ಲೋಕಪ್ರಸಿದ್ಧವಾದ ಪುಸ್ತಕ ಹುಟ್ಟಿದ್ದು ಇಂಥ ಮನೆಯಲ್ಲಿ.

ಅದಕ್ಕೆ ನೆಪವಾದದ್ದು ಒಂದು ಕಾಗದ. ಓಲ್ಗಾ ಹಕಿನ್ಸ್ ಎಂಬ ಗೆಳತಿ ತಮ್ಮ ಊರಿನ ಮೇಲೆ ವಿಮಾನದಿಂದ ಸೊಳ್ಳೆಗೆಂದು ಡಿಡಿಟಿ ಸುರಿದುದನ್ನೂ, ಮನೆಯಂಗಳದಲ್ಲಿ ಹಕ್ಕಿಗಳು ಸತ್ತು ಬಿದ್ದುದನ್ನೂ 1958ರ ಜನವರಿಯಲ್ಲಿ ತಿಳಿಸಿದ್ದರು. ಯುದ್ಧಕಾಲದಲ್ಲಿ ಹೇನಿನಿಂದ ಹಬ್ಬುವ ಟೈಫಸ್ ಜ್ವರವನ್ನೂ ಮಲೇರಿಯಾವನ್ನೂ ತಡೆದ ಡಿಡಿಟಿಗೆ ಆಗ ಅಮೃತದ ಪಟ್ಟ. ಅದರ ಗುಣ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. ನಮ್ಮ ದೇಶದಲ್ಲೂ 1953ರಿಂದ ಮಲೇರಿಯಾ ನಿಯಂತ್ರಣಕ್ಕಾಗಿ ಮನೆ ಮನೆಯ ಗೋಡೆಗೆ ಅದನ್ನು ಸಿಂಪಡಿಸಿದರು. ಅದರಿಂದ ಉಳಿದ ಪ್ರಾಣಗಳೂ ಬಹಳ. ಇದನ್ನು ರೇಚಲ್ ಅಲ್ಲಗಳೆಯಲಿಲ್ಲ. ವಿಷವೇ ಬೇಡವೆಂದೂ ಆಕೆ ಹೇಳಲಿಲ್ಲ. ಅದರ ಗುಣ ಅರಿಯದವರ ಕೈಗೆ, ಏನೂ ತಿಳಿಸದೆ, ಮಿತಿಯಿಲ್ಲದೆ ಕೊಡಬೇಡಿ ಎಂದಷ್ಟೇ ಆಕೆಯ ವಾದ. ಆಕೆಯನ್ನು ದೂರಿದವರಲ್ಲಿ ಅನೇಕರು ಈ ಭಾಗವನ್ನು ಓದಿದಂತೆಯೇ ಕಾಣುವುದಿಲ್ಲ.

ನಾಲ್ಕು ವರ್ಷ ವೈದ್ಯರ, ವಿಜ್ಞಾನಿಗಳ ವರದಿಗಳನ್ನು ಕಲೆಹಾಕಿ ಬರೆದ ಪುಸ್ತಕ 1962ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಹೆಸರು ಸೈಲೆಂಟ್ ಸ್ಪ್ರಿಂಗ್, ಅಂದರೆ ಹಕ್ಕಿಯ ದನಿಯಿಲ್ಲದ ಮೂಕ ವಸಂತ. ಹಕ್ಕಿಗಳ ಪುಸ್ತಕವೆಂದೇ ಅದು ಹೆಸರಾಗಿದೆ. ಆದರೆ ಅದರಲ್ಲೊಂದು ಅಧ್ಯಾಯ ನೇರವಾಗಿ ಮನೆಯೊಳಕ್ಕೆ, ಅಡುಗೆಮನೆಗೆ ಬರುತ್ತದೆ. ಅಂಗಡಿಯಲ್ಲಿ ಉಪ್ಪಿನಕಾಯಿಯ ಪಕ್ಕದ ಸಾಲಿನಲ್ಲೇ, ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಕೀಟನಾಶಕದ ಗಾಜಿನ ಸೀಸೆಗಳಿರುವುದನ್ನು ಆಕೆ ತೋರಿಸಿದರು. ಕಪಾಟಿಗೆ ಹಾಸುವ ಕಾಗದಕ್ಕೆ ಕೀಟನಾಶಕ ಸವರಿರುತ್ತದೆ, ನೆಲ ಹೊಳೆಯಿಸುವ ಮೇಣದಲ್ಲಿ ಅದು ಬೆರೆತಿರುತ್ತದೆ, ಮೈಗೆ ಹಚ್ಚುವ ಎಣ್ಣೆಯಲ್ಲೂ ಅದೇ. ಡಬ್ಬಿಯ ಮೇಲೆ ನಗುಮುಖದ ಸಂಸಾರದ ಚಿತ್ರ ಇರುತ್ತದೆ. ಎಚ್ಚರಿಕೆಯ ಮಾತು ಮಾತ್ರ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ.

ಪುಸ್ತಕದಲ್ಲಿರುವ ಒಂದು ಘಟನೆ ಓದಿದವರ ಮನಸ್ಸಿನಿಂದ ಹೋಗದು. ಫ್ಲಾರಿಡಾದಲ್ಲಿ ಇಬ್ಬರು ಮಕ್ಕಳಿಗೆ ಒಂದು ಖಾಲಿ ಚೀಲ ಸಿಕ್ಕಿತು. ಮುರಿದ ಉಯ್ಯಾಲೆಯನ್ನು ಅದರಿಂದ ಸರಿಪಡಿಸಿಕೊಂಡು ಆಡಿದರು. ಸ್ವಲ್ಪ ಹೊತ್ತಿನಲ್ಲೇ ಇಬ್ಬರೂ ಸತ್ತರು. ಜೊತೆಗೆ ಆಡುತ್ತಿದ್ದ ಮೂವರು ಕಾಯಿಲೆ ಬಿದ್ದರು. ಚೀಲದಲ್ಲಿ ಹಿಂದೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಇತ್ತು. ಖಾಲಿ ಚೀಲ, ಖಾಲಿ ಡಬ್ಬ ಬಿಸಾಡಲು ನಮಗೆ ಮನಸ್ಸು ಬರುವುದಿಲ್ಲ, ಅಲ್ಲವೇ? ಹಸುವಿನ ನೀರಿಗೆ, ಕಾಳು ತುಂಬಲು, ಬಚ್ಚಲ ಚೊಂಬಿಗೆ ಎಂದು ತೊಳೆದಿಡುತ್ತೇವೆ.

ಅದೇ ಪ್ಯಾರಾಥಿಯಾನ್‌ನಿಂದ 1958ರಲ್ಲಿ ಭಾರತದಲ್ಲಿ ಸುಮಾರು ನೂರು ಮಂದಿ ಸತ್ತ ಸಂಗತಿಯನ್ನೂ ರೇಚಲ್ ಬರೆದಿದ್ದಾರೆ. ಆ ವರ್ಷ ಕೇರಳದಲ್ಲಿ ನಡೆದದ್ದು ಇಷ್ಟು: ಹಡಗಿನಲ್ಲಿ ಗೋಧಿ ಹಿಟ್ಟಿನ ಜೊತೆಗೇ ಕೀಟನಾಶಕವನ್ನೂ ಹೇರಿ ತಂದಿದ್ದರು. ವಿಷ ಸೋರಿ ಹಿಟ್ಟಿಗೆ ಇಳಿಯಿತು. ಆ ಹಿಟ್ಟಿನ ತಿಂಡಿ ತಿಂದ ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಈ ದುರಂತದ ವಿಚಾರಣೆಯ ಫಲವಾಗಿಯೇ ನಮ್ಮಲ್ಲಿ 1968ರ ಕೀಟನಾಶಕ ಕಾಯಿದೆ ಬಂತು. ಡಬ್ಬಿಯ ಮೇಲೆ ಮೂಲೆ ಮೇಲಾಗಿ ನಿಲ್ಲಿಸಿದ ಚೌಕದ ಗುರುತು ಕಾಣುತ್ತದಲ್ಲ, ಅದರ ಕೆಳಗಿನ ಅರ್ಧದ ಬಣ್ಣವೇ ವಿಷದ ಅಳತೆ. ಕೆಂಪು ಎಂದರೆ ಅತ್ಯಂತ ತೀಕ್ಷ್ಣ, ನಂತರ ಹಳದಿ, ನೀಲಿ. ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರೆಂದರೆ ಅಪಾಯವಿಲ್ಲವೆಂದಲ್ಲ. ಖಾಲಿ ಡಬ್ಬವನ್ನು ಮತ್ತೆ ಬಳಸಲಾಗದಂತೆ ಒಡೆದು, ವಾಸದ ಜಾಗದಿಂದ ದೂರ ಹೂಳಬೇಕೆಂಬುದೂ 1971ರ ನಿಯಮಗಳಲ್ಲಿದೆ. ಓದು ಬಾರದ ಅಜ್ಜಿಗೂ ಬಣ್ಣ ಗುರುತಿಸಲು ಬರುತ್ತದೆ. ಮನೆಯ ಮಕ್ಕಳು ಒಮ್ಮೆ ಹೇಳಿಕೊಟ್ಟರೆ ಸಾಕು.

ಕೀಟನಾಶಕ ಎಂಬ ಹೆಸರೇ ತಪ್ಪು, ಜೀವನಾಶಕ ಎನ್ನಬೇಕು ಎಂಬುದು ರೇಚಲ್ ಅವರ ಅಭಿಪ್ರಾಯ. ಬೇಕಾದ ಹುಳು ಯಾವುದು, ಬೇಡದ ಹುಳು ಯಾವುದು ಎಂದು ವಿಷಕ್ಕೆ ಗೊತ್ತಾಗುವುದಿಲ್ಲ. ಇದನ್ನು ನಮ್ಮ ಜಿಲ್ಲೆಯ ರೇಷ್ಮೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಹೊಲದವರು ಟೊಮೆಟೊಗೆ ಹೊಡೆದದ್ದು ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳು ತಲೆಯಾಡಿಸುತ್ತಾ, ಹಸಿರು ರಸ ಕಕ್ಕಿ ಸಾಯುತ್ತದೆ. ಹುಳು ಮನೆಯ ಬಳಿ ಸೊಳ್ಳೆಬತ್ತಿ ಹಚ್ಚಬಾರದೆಂದು ನಾವು ಎಷ್ಟು ಕಟ್ಟುನಿಟ್ಟು! ಅದೇ ಬತ್ತಿಯನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಳೆಗೂಸಿನ ತೊಟ್ಟಿಲ ಕೆಳಗೆ ಹಚ್ಚುತ್ತೇವೆ. ಹುಳುವಿಗೆ ಸಿಗುವ ಕಾಳಜಿ ಮಗುವಿಗೆ ಸಿಗಬಾರದೇ?

ಮನೆಯೊಳಗಿನ ಪಟ್ಟಿ ಇನ್ನೂ ಉದ್ದವಿದೆ. ಪೆಪ್ಪರ್‌ಮೆಂಟಿನಂತೆ ಬೆಳ್ಳಗೆ ಹೊಳೆಯುವ ನುಸಿಗುಳಿಗೆ, ಶಾಲೆಯ ಸೀಮೆಸುಣ್ಣದಂತೆಯೇ ಇರುವ ಇರುವೆ ಕಡ್ಡಿ, ತಿಂಡಿಯೊಳಗೆ ಬಚ್ಚಿಟ್ಟ ಇಲಿ ಪಾಷಾಣ, ಕುಡಿಯುವ ನೀರಿನ ಬಾಟಲಿಗೆ ಸುರಿದಿಟ್ಟ ಸೀಮೆಎಣ್ಣೆ ಅಥವಾ ಕಕ್ಕಸು ತೊಳೆಯುವ ಆ್ಯಸಿಡ್. ಬಾಯಾರಿ ಓಡಿಬಂದ ಮಗು ಬಾಟಲಿಯ ಆಕಾರ ನೋಡುತ್ತದೆ, ವಾಸನೆ ನೋಡುವಷ್ಟು ತಾಳ್ಮೆ ಅದಕ್ಕೆಲ್ಲಿ? ಮಾವು ಹಣ್ಣಾಗಲೆಂದು ಇಡುವ ಕಾರ್ಬೈಡ್ ಪೊಟ್ಟಣವೂ ಹಾಗೆಯೇ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಬೆರೆತಿರಬಹುದೆಂದೇ ಕಾನೂನು ಅದನ್ನು ನಿಷೇಧಿಸಿದೆ. ಹಣ್ಣಿನ ನಾಡಿನವರಾದ ನಾವು ಹುಲ್ಲು ಹಾಸಿ ಹಣ್ಣು ಮಾಡುವುದನ್ನು ಮರೆತೇಬಿಟ್ಟೆವೇ ಎಂದು ಬೇಸರವಾಗುತ್ತದೆ.

ಪುಸ್ತಕ ಹೊರಬಂದೊಡನೆ ರಾಸಾಯನಿಕ ಕಂಪನಿಗಳು ಆಕೆಯ ಮೇಲೆ ಮುಗಿಬಿದ್ದವು. ಒಂದು ಕಂಪನಿ ಪ್ರಕಾಶಕರಿಗೆ ಮೊಕದ್ದಮೆಯ ಬೆದರಿಕೆ ಹಾಕಿತು. ಮಕ್ಕಳಿಲ್ಲದ ಅವಿವಾಹಿತೆಗೆ ಮುಂದಿನ ಪೀಳಿಗೆಯ ಚಿಂತೆ ಏಕೆಂದು ಹಂಗಿಸಿದವರೂ ಇದ್ದರೆಂದು ಆಕೆಯ ಚರಿತ್ರೆ ಬರೆದವರು ಹೇಳುತ್ತಾರೆ. ಹಾಗೆ ಹಂಗಿಸಿದವರಿಗೆ ರೋಜರ್‌ನ ವಿಷಯ ತಿಳಿದಿರಲಿಕ್ಕಿಲ್ಲ. ತಿಳಿಯದ ಇನ್ನೊಂದು ಸಂಗತಿಯೂ ಇತ್ತು. 1960ರಲ್ಲಿಯೇ ಆಕೆಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆಗಿತ್ತು. ವೈದ್ಯರು ಮೊದಲು ನಿಜ ಹೇಳಲಿಲ್ಲ, ರೋಗ ಹರಡಿದ ಮೇಲೆ ತಿಳಿಯಿತು. ತನ್ನ ಕಾಯಿಲೆಯ ಸಿಟ್ಟಿಗೆ ಬರೆದಳೆಂಬ ಮಾತು ಬರಬಾರದೆಂದು ಆಕೆ ಅದನ್ನು ಆಪ್ತರಲ್ಲದೆ ಯಾರಿಗೂ ತಿಳಿಸಲಿಲ್ಲ. ವಿಕಿರಣ ಚಿಕಿತ್ಸೆ ಪಡೆಯುತ್ತಾ, ಕೂದಲುದುರಿದ ತಲೆಗೆ ಟೋಪನ್ ತೊಟ್ಟು, 1963ರ ಜೂನ್ 4ರಂದು ಸೆನೆಟ್ ಸಮಿತಿಯ ಮುಂದೆ ಕುಳಿತು ಸಾಕ್ಷಿ ನುಡಿದರು. ಬೇರೊಬ್ಬರು ಚೆಲ್ಲಿದ ವಿಷದಿಂದ ತನ್ನ ಮನೆಯೊಳಗೆ ಸುರಕ್ಷಿತವಾಗಿರುವುದು ಪ್ರತಿಯೊಬ್ಬನ ಹಕ್ಕೆಂದು ಅಲ್ಲಿ ವಾದಿಸಿದರು. ಅಧ್ಯಕ್ಷ ಕೆನಡಿಯವರು ನೇಮಿಸಿದ್ದ ವಿಜ್ಞಾನಿಗಳ ಸಮಿತಿ ಅಷ್ಟರಲ್ಲಿ ಆಕೆಯ ಮಾತಿನಲ್ಲಿ ಹುರುಳಿದೆಯೆಂದು ವರದಿ ಕೊಟ್ಟಿತ್ತು.

ಆಕೆಯ ಎಚ್ಚರಿಕೆ ಕನ್ನಡ ಮಾತಾಡುವ ಮನೆಗಳನ್ನು ತಲುಪುವುದು ಬಹಳ ತಡವಾಯಿತು. ಕಾಸರಗೋಡಿನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಗುಡ್ಡದ ಕೆಳಗಿನ ಪಡ್ರೆಯಂಥ ಊರುಗಳಲ್ಲಿ ಅಂಗವೈಕಲ್ಯದ, ಬುದ್ಧಿ ಬೆಳೆಯದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ನ್ಯಾಯಕ್ಕಾಗಿ ಅಲೆದರು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಅದೇ ಗೋಳು. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರ ಮೇ 13ರಂದು.

ನಮ್ಮ ಧರ್ಮಸಭೆಯೂ ಈ ಮಾತನ್ನು ಕೈಗೆತ್ತಿಕೊಂಡಿದೆ. ಸಂತ ಎರಡನೆಯ ಜಾನ್ ಪಾಲ್ ಅವರು 1990ರ ವಿಶ್ವಶಾಂತಿ ದಿನದ ಸಂದೇಶವನ್ನು ಸೃಷ್ಟಿಯ ರಕ್ಷಣೆಗೆ ಮೀಸಲಿಟ್ಟರು. ಪೋಪ್ ಫ್ರಾನ್ಸಿಸ್ 2015ರ ಲೌದಾತೋ ಸೀ ವಿಶ್ವಪತ್ರದಲ್ಲಿ ಕೀಟನಾಶಕ, ಕಳೆನಾಶಕಗಳ ಹೆಸರನ್ನೇ ಹಿಡಿದು ಬರೆದರು.

ರೇಚಲ್ ಕಾರ್ಸನ್ 1964ರ ಏಪ್ರಿಲ್ 14ರಂದು ತಮ್ಮ ಮನೆಯಲ್ಲಿ ತೀರಿಕೊಂಡರು. 56 ವರ್ಷ ವಯಸ್ಸು. ಅಮೆರಿಕದಲ್ಲಿ ಡಿಡಿಟಿ ನಿಷೇಧವಾದದ್ದು 1972ರಲ್ಲಿ, ನಮ್ಮ ದೇಶದ ಕೃಷಿಯಲ್ಲಿ 1989ರಲ್ಲಿ. ಅದಾವುದನ್ನೂ ಆಕೆ ಕಾಣಲಿಲ್ಲ. ಹನ್ನೆರಡು ವರ್ಷದ ರೋಜರ್‌ನನ್ನು ಪುಸ್ತಕದ ಸಂಪಾದಕರಾಗಿದ್ದ ಪಾಲ್ ಬ್ರೂಕ್ಸ್ ಮತ್ತು ಅವರ ಪತ್ನಿ ತಮ್ಮ ಮನೆಗೆ ಕರೆದೊಯ್ದು ಬೆಳೆಸಿದರು.