ಮೂರು ತಿರುಮೇನಿಗಳ ರಾಮಾನುಜಾಚಾರ್ಯರು

ಸುವರ್ಣ ಮಹೋತ್ಸವ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಬರೆದುಕೊಡಬೇಕೆಂದು ಸಮಿತಿಯ ಮೇಷ್ಟ್ರು ಫೋನ್ ಮಾಡಿದ್ದರು. ನಾನು ಬಿ.ಇ. ಓದಿದವನು, ಸಾಫ್ಟ್‌ವೇರ್ ಕೆಲಸದವನು. ಹಾಗಾಗಿ ವಿಶ್ವೇಶ್ವರಯ್ಯನವರ ಮೇಲೆ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ಅವರೂ ನಮ್ಮ ಹಳೆಯ ಕೋಲಾರ ಜಿಲ್ಲೆಯವರೇ. ಆದರೆ ನಾನು ಆರಿಸಿಕೊಂಡಿದ್ದು ರಾಮಾನುಜಾಚಾರ್ಯರನ್ನು.

ಇದಕ್ಕೆ ಕಾರಣ ನಮ್ಮ ಸಮಾಜ ವಿಜ್ಞಾನದ ಪಿರಿಯಡ್ಡು. ಈಜಿಪ್ಟಿನ ಮಮ್ಮಿಗಳ ಪಾಠ ಮುಗಿದ ದಿನ, ನಮ್ಮ ದೇಶದಲ್ಲಿ ಇಂಥವು ಇಲ್ಲವೇ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ನಮ್ಮವರು ಸುಟ್ಟುಬಿಡುತ್ತಾರಲ್ಲ, ಮಮ್ಮಿ ಎಲ್ಲಿಂದ ಬರಬೇಕು ಎಂದು ಮುಂದಿನ ಬೆಂಚಿನವನೇ ಉತ್ತರ ಕೊಟ್ಟ. ನಮ್ಮ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯಲ್ಲಿ ಸತ್ತವರನ್ನು ಹೂಳುತ್ತಿದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುವ ಉರಿಗಾಂನಲ್ಲಿ ನಮ್ಮವರು ಎಂಬ ಮಾತಿಗೆ ಒಂದೇ ಅರ್ಥ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಗೆಳೆಯನ ಮದುವೆಗೆಂದು ತಿರುಚಿಗೆ ಹೋದಾಗ ಶ್ರೀರಂಗದ ದೇವಸ್ಥಾನ ನೋಡಿದೆ. ಅಲ್ಲಿನ ಉಡಯವರ್ ಸನ್ನಿಧಿಯಲ್ಲಿ ನಿಂತಾಗ ಆ ಪ್ರಶ್ನೆ ನೆನಪಾಯಿತು. ಉಡಯವರ್ ಎಂದರೆ ರಾಮಾನುಜರು. ಪದ್ಮಾಸನ ಹಾಕಿ ಉಪದೇಶದ ಭಂಗಿಯಲ್ಲಿ ಕುಳಿತಿರುವುದು ವಿಗ್ರಹವಲ್ಲ, ಅವರ ದೇಹವೇ ಎಂದು ಶ್ರೀವೈಷ್ಣವರು ನಂಬುತ್ತಾರೆ.

ಸಂಪ್ರದಾಯದ ಲೆಕ್ಕದಂತೆ ಅವರು ಹುಟ್ಟಿದ್ದು 1017ರಲ್ಲಿ, ಶ್ರೀಪೆರಂಬದೂರಿನಲ್ಲಿ. ತಂದೆ ಆಸೂರಿ ಕೇಶವ ಸೋಮಯಾಜಿ, ತಾಯಿ ಕಾಂತಿಮತಿ. ಬೆಂಗಳೂರಿನಿಂದ ಚೆನ್ನೈಗೆ ಹೆದ್ದಾರಿಯಲ್ಲಿ ಹೋಗುವವರಿಗೆ ಈ ಊರು ಮೊಬೈಲು, ಕಾರು ತಯಾರಿಸುವ ಕಾರ್ಖಾನೆಗಳ ಊರು. ನಾನೂ ಮೊದಲು ಹೋದದ್ದು ಕಂಪನಿ ಕೆಲಸಕ್ಕೇ. ಓದಲು ಕಾಂಚೀಪುರಕ್ಕೆ ಬಂದ ರಾಮಾನುಜರು ಯಾದವಪ್ರಕಾಶರೆಂಬ ಗುರುಗಳಲ್ಲಿ ಸೇರಿದರು. ಶಿಷ್ಯ ಗುರುವಿನ ಅರ್ಥವನ್ನೇ ಪ್ರಶ್ನಿಸತೊಡಗಿದ. ಕಾಶಿಯಾತ್ರೆಯ ನೆಪದಲ್ಲಿ ಅವನನ್ನು ಮುಗಿಸಿಬಿಡುವ ಸಂಚು ನಡೆಯಿತೆಂದೂ, ಚಿಕ್ಕಮ್ಮನ ಮಗ ಗೋವಿಂದ ಗುಟ್ಟಾಗಿ ಎಚ್ಚರಿಸಿ ಉಳಿಸಿದನೆಂದೂ ಗುರುಪರಂಪರೆಯ ಕಥೆಗಳು ಹೇಳುತ್ತವೆ. ಈ ಗೋವಿಂದನ ಹೆಸರು ಕೊನೆಯಲ್ಲಿ ಮತ್ತೆ ಬರುತ್ತದೆ.

ಶ್ರೀರಂಗದ ಯಾಮುನಾಚಾರ್ಯರು ಕರೆಸಿಕೊಂಡಾಗ ರಾಮಾನುಜರು ಹೊರಟರು. ತಲುಪುವಷ್ಟರಲ್ಲಿ ಆಚಾರ್ಯರು ತೀರಿಹೋಗಿದ್ದರು. ಒಮ್ಮೆಯೂ ಮಾತಾಡಿಸದ ಗುರುವಿನ ಶವವನ್ನಷ್ಟೇ ಕಂಡರು. ಶವದ ಬಲಗೈಯ ಮೂರು ಬೆರಳು ಮಡಚಿಕೊಂಡಿದ್ದವಂತೆ. ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆಯುತ್ತೇನೆ, ವ್ಯಾಸ ಪರಾಶರರ ಹೆಸರು ಉಳಿಸುತ್ತೇನೆ, ನಮ್ಮಾಳ್ವಾರರ ತಮಿಳು ಪಾಶುರಗಳಿಗೆ ವ್ಯಾಖ್ಯಾನ ಮಾಡಿಸುತ್ತೇನೆ ಎಂದು ರಾಮಾನುಜರು ಒಂದೊಂದೇ ಮಾತು ಕೊಟ್ಟಂತೆ ಒಂದೊಂದೇ ಬೆರಳು ಬಿಚ್ಚಿಕೊಂಡಿತು ಎಂಬುದು ಕಥೆ. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಮೂರು ಮಾತನ್ನೂ ಅವರು ನಡೆಸಿಕೊಟ್ಟರು ಎಂಬುದು ಮಾತ್ರ ನಿಜ. ಶ್ರೀಭಾಷ್ಯ ಇಂದಿಗೂ ಇದೆ. ಶಿಷ್ಯ ಕೂರೇಶರ ಮಕ್ಕಳಿಗೆ ಪರಾಶರ, ವೇದವ್ಯಾಸ ಎಂದು ಹೆಸರಿಟ್ಟರು. ತಿರುವಾಯ್ಮೊಳಿಗೆ ಇನ್ನೊಬ್ಬ ಶಿಷ್ಯರಿಂದ ವ್ಯಾಖ್ಯಾನ ಬರೆಸಿದರು.

ಅವರು ಮನೆ ಬಿಟ್ಟ ಪ್ರಸಂಗ ನನ್ನನ್ನು ಬಹಳ ಕಾಡಿದೆ. ಕಾಂಚೀಪೂರ್ಣರು ಬ್ರಾಹ್ಮಣರಲ್ಲದ ಭಕ್ತರು. ಅವರು ಉಂಡು ಬಿಟ್ಟ ಎಲೆಯಲ್ಲಿ ಪ್ರಸಾದವೆಂದು ಊಟ ಮಾಡಬೇಕೆಂಬುದು ರಾಮಾನುಜರ ಆಸೆ. ಅವರಿಲ್ಲದ ಹೊತ್ತಿನಲ್ಲಿ ಅತಿಥಿ ಬಂದು ಉಂಡು ಹೋದರು. ರಾಮಾನುಜರು ಬರುವಷ್ಟರಲ್ಲಿ ಹೆಂಡತಿ ಎಲೆ ಎತ್ತಿ, ನೆಲ ಸಾರಿಸಿ, ಸ್ನಾನ ಮಾಡಿ, ಬೇರೆ ಅಡುಗೆ ಮಾಡುತ್ತಿದ್ದರು. ಇಂಥವು ಎರಡು ಮೂರು ಸಲ ಆದ ಮೇಲೆ ಅವರು ಸಂನ್ಯಾಸಿಯಾದರು. ಆಕೆ ತಾನು ಕಲಿತದ್ದನ್ನು ತಾನು ಮಾಡಿದ್ದಳು. ಆಕೆಯ ಕಡೆ ನಿಂತು ಈ ಕಥೆಗಳು ನೋಡುವುದಿಲ್ಲ.

ಗೋಷ್ಠೀಪೂರ್ಣರ ಬಳಿ ಮಂತ್ರೋಪದೇಶಕ್ಕಾಗಿ ಅವರು 18 ಸಲ ನಡೆದರಂತೆ. ಇದನ್ನು ಬೇರೆಯವರಿಗೆ ಹೇಳಿದರೆ ನರಕ ಎಂಬ ಷರತ್ತಿನ ಮೇಲೆ ಗುರುಗಳು ಮಂತ್ರ ಕೊಟ್ಟರು. ರಾಮಾನುಜರು ನೆಟ್ಟಗೆ ದೇವಸ್ಥಾನದ ಮೇಲೇರಿ ಊರಿಗೆಲ್ಲ ಕೇಳುವಂತೆ ಕೂಗಿ ಹೇಳಿದರು. ಇಷ್ಟು ಜನಕ್ಕೆ ಮೋಕ್ಷ ಸಿಗುವುದಾದರೆ ತಾನೊಬ್ಬ ನರಕಕ್ಕೆ ಹೋದರೂ ಚಿಂತೆಯಿಲ್ಲ ಎಂಬುದು ಅವರ ಲೆಕ್ಕ. ಸತ್ತ ಮೇಲೆ ಏನಾಗುತ್ತದೆ ಎಂಬ ಭಯದ ಮೇಲೆಯೇ ಎಷ್ಟೋ ಧರ್ಮಗಳು ನಿಂತಿವೆ. ಆ ಭಯವನ್ನೇ ಅವರು ಪಣಕ್ಕಿಟ್ಟರು.

ಶ್ರೀರಂಗದಲ್ಲಿ ಕಾವೇರಿಗೆ ಸ್ನಾನಕ್ಕೆ ಹೋಗುವಾಗ ಬ್ರಾಹ್ಮಣ ಶಿಷ್ಯರ ಹೆಗಲ ಮೇಲೆ, ಸ್ನಾನ ಮುಗಿಸಿ ಬರುವಾಗ ಧನುರ್ದಾಸನೆಂಬ ಜಟ್ಟಿಯ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. ಮಡಿಯ ನಂತರ ಶೂದ್ರನನ್ನು ಮುಟ್ಟುವುದೇ ಎಂದು ಊರು ಗೊಣಗಿತು. ಇದಕ್ಕಿಂತ ದೊಡ್ಡದು ಮಾರನೇರಿ ನಂಬಿಯವರ ಸಾವು. ಅವರು ಕೆಳಜಾತಿಯಲ್ಲಿ ಹುಟ್ಟಿ ಯಾಮುನಾಚಾರ್ಯರ ಶಿಷ್ಯರಾಗಿದ್ದವರು. ಅವರು ತೀರಿಕೊಂಡಾಗ ರಾಮಾನುಜರ ಗುರುಗಳಾದ ಮಹಾಪೂರ್ಣರು ತಾವೇ ನಿಂತು ಬ್ರಾಹ್ಮಣನಿಗೆ ಮಾಡುವ ಸಂಸ್ಕಾರವನ್ನೇ ಮಾಡಿದರು. ಊರು ಅವರನ್ನು ಹೊರಗಿಟ್ಟಿತು. ರಾಮಾನುಜರು ಹೋಗಿ ವಿಚಾರಿಸಿದಾಗ, ರಾಮ ಜಟಾಯುವಿಗೆ ಸಂಸ್ಕಾರ ಮಾಡಲಿಲ್ಲವೇ, ತಾನು ರಾಮನಿಗಿಂತ ದೊಡ್ಡವನೇ ಎಂದು ಮಹಾಪೂರ್ಣರು ಕೇಳಿದರಂತೆ. ರಾಮಾನುಜರು ಗುರುವಿನ ಪಕ್ಷ ನಿಂತರು.

ಇದನ್ನು ಓದುವಾಗ ನನಗೆ ನಮ್ಮ ಲೈನ್ ಮನೆಗಳು ಕಣ್ಣ ಮುಂದೆ ಬಂದವು. ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಿನ ಭಾರಕ್ಕೆ ಬಂಡೆ ತಾನಾಗಿ ಸಿಡಿಯುತ್ತದೆ. ಹಾಗೆ ಸಿಡಿದಾಗ ಸಿಕ್ಕವರನ್ನು ಮೇಲೆ ತರುವವರೂ ಶಿಫ್ಟಿನ ಜೊತೆಯವರೇ. ಯಾರ ಹೆಣಕ್ಕೆ ಯಾರು ಹೆಗಲು ಕೊಡಬೇಕು ಎಂದು ಕೇಳುವವರು ಶಾಫ್ಟಿನ ಕೆಳಗೆ ಇರಲಿಲ್ಲ ಎಂದು ನಮ್ಮ ತಾತ ಹೇಳುತ್ತಿದ್ದರು. ಅದೇ ತಾತನ ತಂಗಿ ಸತ್ತಾಗ, ಗಣಿಯಿಂದ ದೂರದ ಹಳ್ಳಿಯೊಂದರಲ್ಲಿ, ಹೆಣವನ್ನು ಊರೊಳಗಿನ ರಸ್ತೆಯಲ್ಲಿ ಒಯ್ಯಲು ಬಿಡದೆ ಕೆರೆ ಏರಿಯ ಹಿಂದಿನ ಕೆಸರಿನಲ್ಲಿ ಸುತ್ತಿಸಿದರು. ನಾನಾಗ ಏಳನೇ ತರಗತಿ. ಮಹಾಪೂರ್ಣರ ಕಥೆಗೆ ಒಂಬೈನೂರು ವರ್ಷ ಆಗಿದೆ.

ಮುಂದೆ ಚೋಳ ರಾಜ ಶಿವನೇ ಪರದೈವವೆಂದು ರುಜು ಹಾಕಲು ರಾಮಾನುಜರಿಗೆ ಕರೆ ಕಳುಹಿಸಿದ. ಗುರುವಿನ ವೇಷ ತೊಟ್ಟು ಕೂರೇಶರು ಆಸ್ಥಾನಕ್ಕೆ ಹೋದರು, ಕಣ್ಣು ಕಳೆದುಕೊಂಡರು. ಜೊತೆಗೆ ಹೋದ ವೃದ್ಧ ಮಹಾಪೂರ್ಣರು ಹಿಂದಿರುಗುವ ದಾರಿಯಲ್ಲೇ ಪ್ರಾಣ ಬಿಟ್ಟರು. ರಾಮಾನುಜರು ಬಿಳಿ ಬಟ್ಟೆ ಉಟ್ಟು ಕಾಡು ಹಾದಿಯಲ್ಲಿ ನಮ್ಮ ನಾಡಿಗೆ ಬಂದರು. ಮಿರ್ಲೆ, ಸಾಲಿಗ್ರಾಮ, ತೊಣ್ಣೂರು, ಕೊನೆಗೆ ಮೇಲುಕೋಟೆ. ಹೊಯ್ಸಳ ದೊರೆ ಬಿಟ್ಟಿದೇವ ಅವರ ಪ್ರಭಾವದಿಂದ ವಿಷ್ಣುವರ್ಧನನಾದ ಎನ್ನುತ್ತಾರೆ. ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. ದೊರೆಯೂ ಬಸದಿಗಳಿಗೆ ದಾನ ಕೊಡುವುದನ್ನು ನಿಲ್ಲಿಸಲಿಲ್ಲ. ಮೇಲುಕೋಟೆಯಲ್ಲಿ ತಿರುನಾರಾಯಣನ ಪೂಜೆ ಮತ್ತೆ ನಡೆಯುವಂತೆ ಮಾಡಿ, ತಮಗೆ ನೆರವಾದ ಅಸ್ಪೃಶ್ಯರನ್ನು ತಿರುಕುಲದವರು ಎಂದು ಕರೆದು, ವರ್ಷದಲ್ಲಿ ಕೆಲವು ದಿನ ದೇವಸ್ಥಾನದ ಒಳಗೆ ಬರುವ ಹಕ್ಕು ಕೊಡಿಸಿದರು. ಕೆಲವು ದಿನ ಮಾತ್ರ. ಉಳಿದ ದಿನ ಏಕಿಲ್ಲ ಎಂದು ಕೇಳುವುದು ಸರಿಯೇ. ಆದರೆ ಹನ್ನೆರಡನೇ ಶತಮಾನದಲ್ಲಿ ಆ ಕೆಲವು ದಿನಗಳಿಗೂ ಜಗಳ ಆಡಬೇಕಿತ್ತು ಎಂಬುದನ್ನೂ ಮರೆಯಬಾರದು.

ಸುಮಾರು 12 ವರ್ಷದ ನಂತರ ಅವರು ಶ್ರೀರಂಗಕ್ಕೆ ಹೊರಟಾಗ ಮೇಲುಕೋಟೆಯವರು ಅತ್ತರು. ಅವರಿಗಾಗಿ ಒಂದು ವಿಗ್ರಹ ಮಾಡಿಸಿ ಬಿಟ್ಟು ಬಂದರು. ಅದು ತಮರುಗಂದ ತಿರುಮೇನಿ, ಅಂದರೆ ಭಕ್ತರು ಮೆಚ್ಚಿದ ಮೈ. ಹುಟ್ಟೂರಿನಲ್ಲಿರುವುದು ತಾನುಗಂದ ತಿರುಮೇನಿ, ಅವರೇ ಮೆಚ್ಚಿ ಅಪ್ಪಿಕೊಂಡ ವಿಗ್ರಹ. ಶ್ರೀರಂಗದ್ದು ತಾನಾನ ತಿರುಮೇನಿ, ತಾನೇ ಆದ ಮೈ. ನಮ್ಮ ಕೆಲಸದ ಭಾಷೆಯಲ್ಲಿ ಹೇಳಿದರೆ ಎರಡು ಬ್ಯಾಕಪ್, ಒಂದು ಮೂಲ.

1137ರಲ್ಲಿ, 120ನೇ ವಯಸ್ಸಿನಲ್ಲಿ ಅವರು ದೇಹ ಬಿಟ್ಟರೆಂದು ಸಂಪ್ರದಾಯ. ಶಿಷ್ಯರನ್ನೆಲ್ಲ ಕರೆದು, ತಪ್ಪಿದ್ದರೆ ಕ್ಷಮಿಸಿ ಎಂದು ಕೇಳಿಕೊಂಡು ಮಲಗಿದರಂತೆ. ಸಂನ್ಯಾಸಿಯನ್ನು ಸುಡುವುದಿಲ್ಲ. ದೀಕ್ಷೆಯ ದಿನವೇ ಅವನು ಅಗ್ನಿಯನ್ನು ತ್ಯಜಿಸಿ, ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡಿರುತ್ತಾನೆ. ಆದ್ದರಿಂದ ಮಣ್ಣಿಗೆ ಇಡುತ್ತಾರೆ. ಆದರೆ ದೇವಸ್ಥಾನದ ಪ್ರಾಕಾರದ ಒಳಗೇ ಇಡುವುದು ಅಪರೂಪ. ರಂಗನಾಥನೇ ಅಪ್ಪಣೆ ಕೊಟ್ಟ ಎನ್ನುತ್ತಾರೆ. ಸಮಾಧಿಯ ಮೇಲೆ ಮೂಡಿದ ವಿಗ್ರಹ ಅದು ಎನ್ನುವವರೂ ಇದ್ದಾರೆ, ದೇಹವೇ ಎನ್ನುವವರೂ ಇದ್ದಾರೆ. ಅದಕ್ಕೆ ಅಭಿಷೇಕವಿಲ್ಲ. ವರ್ಷಕ್ಕೆ ಎರಡು ಸಲ ಪಚ್ಚಕರ್ಪೂರ ಮತ್ತು ಕೇಸರಿಯ ಲೇಪ ಮಾಡುತ್ತಾರೆ. ಮೈಯೆಲ್ಲ ಕೆಂಪು ಛಾಯೆಯ ಹಳದಿ. ಕರ್ಪೂರಕ್ಕೆ ಹುಳ ಹತ್ತುವುದಿಲ್ಲ ಎಂಬುದು ಟ್ರಂಕಿನಲ್ಲಿ ಬಟ್ಟೆ ಇಡುವ ನಮ್ಮ ಅಮ್ಮಂದಿರಿಗೂ ಗೊತ್ತು.

ಈಜಿಪ್ಟಿನವರ ವಿಧಾನ ಬೇರೆ. ಮೂಗಿನಿಂದ ಮಿದುಳು ತೆಗೆದು, ಹೊಟ್ಟೆಯ ಅಂಗಗಳನ್ನು ಜಾಡಿಗಳಲ್ಲಿಟ್ಟು, ನೇಟ್ರಾನ್ ಎಂಬ ಉಪ್ಪಿನಲ್ಲಿ ಒಣಗಿಸಿ, ರಾಳ ಬಳಿದು, ಬಟ್ಟೆ ಸುತ್ತುತ್ತಿದ್ದರು. ಒಟ್ಟು 70 ದಿನದ ಕೆಲಸ. ಹೃದಯವನ್ನು ಮಾತ್ರ ಒಳಗೇ ಬಿಡುತ್ತಿದ್ದರು, ಏಕೆಂದರೆ ಪರಲೋಕದಲ್ಲಿ ಅದನ್ನು ಗರಿಯೊಂದರ ಎದುರು ತೂಗುತ್ತಾರೆಂಬ ನಂಬಿಕೆ. ಒಳ್ಳೆಯ ಮಮ್ಮಿಯಾಗಲು ಹಣ ಬೇಕಿತ್ತು. ಅವರಿಗಿಂತ ಸುಮಾರು 2000 ವರ್ಷ ಮೊದಲೇ ದಕ್ಷಿಣ ಅಮೆರಿಕದ ಚಿಲಿಯ ಕಡಲ ತೀರದಲ್ಲಿ ಚಿಂಚೊರೊ ಎಂಬ ಮೀನುಗಾರರು ಮಮ್ಮಿ ಮಾಡುತ್ತಿದ್ದರು. ಅವರಲ್ಲಿ ರಾಜರಿರಲಿಲ್ಲ, ಹಸುಗೂಸುಗಳನ್ನೂ, ಹುಟ್ಟುವ ಮೊದಲೇ ಸತ್ತವನ್ನೂ ಅಷ್ಟೇ ಜತನದಿಂದ ಉಳಿಸಿದ್ದಾರೆ. ಇದನ್ನು ತಿಳಿದಾಗ ನನಗೆ ಪಿರಮಿಡ್ಡಿಗಿಂತ ಅವರೇ ದೊಡ್ಡವರೆನಿಸಿದರು. ಪೆರುವಿನ ಇಂಕಾ ಜನ ಸತ್ತ ರಾಜರನ್ನು ಹಬ್ಬಕ್ಕೆ ಹೊರಗೆ ಕೂರಿಸಿ ಊಟ ಬಡಿಸುತ್ತಿದ್ದರು. ನಮ್ಮಲ್ಲಿ ಪಿತೃಪಕ್ಷಕ್ಕೆ ಎಡೆ ಇಡುವುದಿಲ್ಲವೇ? ಹಿಮಾಚಲದ ಸ್ಪಿತಿಯ ಗ್ಯೂ ಹಳ್ಳಿಯಲ್ಲಿ ಸುಮಾರು 500 ವರ್ಷ ಹಳೆಯ ಬೌದ್ಧ ಲಾಮಾ ಒಬ್ಬರು ಕುಳಿತ ಭಂಗಿಯಲ್ಲೇ ಇದ್ದಾರೆ. 1552ರಲ್ಲಿ ಚೀನಾದ ಬಳಿಯ ದ್ವೀಪದಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸ್ ಜೇವಿಯರರ ದೇಹ ಹಳೆ ಗೋವಾದ ಚರ್ಚಿನಲ್ಲಿದೆ, ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಇಳಿಸುತ್ತಾರೆ. ಹಿಂದಿನ ಬೆಂಚಿನ ಗೆಳೆಯ ಇದನ್ನು ಓದಿದರೆ, ಅವನ ಪ್ರಶ್ನೆಗೆ ಇಷ್ಟು ಉತ್ತರ ಇದೆ.

ಹೈದರಾಬಾದಿನ ಬಳಿ 2022ರಲ್ಲಿ ರಾಮಾನುಜರ 216 ಅಡಿ ಎತ್ತರದ ಪ್ರತಿಮೆ ಎದ್ದಿದೆ. ನನಗೆ ಶ್ರೀರಂಗದ ಆ ಸಣ್ಣ ಮೈಯೇ ಹೆಚ್ಚು ಹೇಳಿತು.

ಕೊನೆಯ ಗಳಿಗೆಯಲ್ಲಿ ಅವರ ತಲೆ ಇದ್ದದ್ದು ಗೋವಿಂದನ ತೊಡೆಯ ಮೇಲೆ, ಕಾಶಿಯ ದಾರಿಯಲ್ಲಿ ಜೀವ ಉಳಿಸಿದ ಅದೇ ತಮ್ಮ. ಪಾದ ಇದ್ದದ್ದು ವಡುಗ ನಂಬಿಯ ತೊಡೆಯ ಮೇಲೆ. ಇವರು ನಮ್ಮ ಮೈಸೂರು ಸೀಮೆಯ ಸಾಲಿಗ್ರಾಮದವರು. ಗುರುವಿಗೆ ಹಾಲು ಕಾಯಿಸುತ್ತಿದ್ದಾಗ ಬೀದಿಯಲ್ಲಿ ರಂಗನಾಥನ ಉತ್ಸವ ಬಂತಂತೆ. ರಾಮಾನುಜರು ದರ್ಶನಕ್ಕೆ ಕರೆದರೆ, ಹಾಲು ಉಕ್ಕಿಹೋಗುತ್ತದೆ, ಬರಲಾರೆ ಎಂದವರು. ಗುರುವನ್ನು ಮಣ್ಣಿಗಿಟ್ಟ ಮೇಲೆ ಅವರು ಶ್ರೀರಂಗದಲ್ಲಿ ನಿಲ್ಲಲಿಲ್ಲ. ಸಾಲಿಗ್ರಾಮಕ್ಕೆ ವಾಪಸಾಗಿ, ರಾಮಾನುಜರ ಪಾದುಕೆಗಳನ್ನು ಪೂಜಿಸುತ್ತ ಉಳಿದ ಆಯುಷ್ಯ ಕಳೆದರು.