ಕತ್ತಲೆಗೂ ಜಗ್ಗದ ಲೆಕ್ಕ

2,14,74,83,647. ಎಂಜಿನಿಯರಿಂಗ್ ಓದುವ ನಮಗೆ ಈ ಸಂಖ್ಯೆ ಹೊಸದಲ್ಲ. ಸಿ ಪ್ರೋಗ್ರಾಂನಲ್ಲಿ 32 ಬಿಟ್‌ನ ‘ಇಂಟ್’ ವೇರಿಯಬಲ್ ಹಿಡಿದಿಡಬಲ್ಲ ಅತಿ ದೊಡ್ಡ ಸಂಖ್ಯೆ ಇದು. 31 ಎರಡುಗಳನ್ನು ಗುಣಿಸಿ, ಒಂದು ಕಳೆದರೆ ಸಿಗುತ್ತದೆ. ಇದು ಅವಿಭಾಜ್ಯ ಎಂದು ಕಂಪ್ಯೂಟರ್ ಹುಟ್ಟುವ ಎಷ್ಟೋ ಮೊದಲೇ ತೋರಿಸಿಕೊಟ್ಟವರು ಲಿಯೊನಾರ್ಡ್ ಆಯ್ಲರ್. ಅವರ ಹೆಸರಿನ ಸೂತ್ರಗಳನ್ನು ಮೊದಲ ಸೆಮಿಸ್ಟರ್‌ನಿಂದಲೂ ಓದುತ್ತಿರುವ ನನಗೆ ಅವರ ಬದುಕು ಗೊತ್ತಾಗಿದ್ದು ಮಾತ್ರ ಇತ್ತೀಚೆಗೆ.

ಆಯ್ಲರ್ ಹುಟ್ಟಿದ್ದು 1707ರಲ್ಲಿ, ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ. ಮಗ ತನ್ನಂತೆಯೇ ಪಾದ್ರಿಯಾಗಲಿ ಎಂಬುದು ತಂದೆಯ ಆಸೆ. ಮಗನಿಗೋ ಗಣಿತದ ಹುಚ್ಚು. ಗಣಿತಜ್ಞ ಯೋಹಾನ್ ಬರ್ನೂಲಿ ತಂದೆಯ ಮನವೊಲಿಸಿದರು. ಓದು ಮುಗಿಸಿ ತಮ್ಮೂರಿನ ವಿಶ್ವವಿದ್ಯಾಲಯದಲ್ಲೇ ಭೌತವಿಜ್ಞಾನ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದರು, ಸಿಗಲಿಲ್ಲ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯಿಂದ ಕರೆ ಬಂದದ್ದು ಶರೀರಕ್ರಿಯಾಶಾಸ್ತ್ರದ ಹುದ್ದೆಗೆ! ಆದರೂ ಹೊರಟರು. 1727ರಲ್ಲಿ ಅಲ್ಲಿಗೆ ತಲುಪಿದಾಗ ಅವರಿಗೆ ಇಪ್ಪತ್ತು, ಈಗ ನನಗಿರುವಷ್ಟೇ ವಯಸ್ಸು. ಅಲ್ಲಿದ್ದ ಸ್ನೇಹಿತರ ಪ್ರಯತ್ನದಿಂದ ಗಣಿತ ವಿಭಾಗದಲ್ಲೇ ಜಾಗ ಸಿಕ್ಕಿತು.

ಐದೇ ವರ್ಷದಲ್ಲಿ ಅವರು ದೊಡ್ಡ ಹೆಸರೊಂದನ್ನು ಎದುರಿಸಿದರು. ಫರ್ಮಾ ಅವಿಭಾಜ್ಯವೆಂದು ನಂಬಿದ್ದ 4,29,49,67,297 ಎಂಬ ಸಂಖ್ಯೆ 641ರಿಂದ ಭಾಗವಾಗುತ್ತದೆ ಎಂದು ತೋರಿಸಿದರು.

ಮೂವತ್ತರ ಆಸುಪಾಸಿನಲ್ಲಿ ಬಲಗಣ್ಣು ಹೋಯಿತು. ಬರ್ಲಿನ್‌ನಲ್ಲಿ 25 ವರ್ಷ ಕಳೆದು 1766ರಲ್ಲಿ ಪೀಟರ್ಸ್‌ಬರ್ಗ್‌ಗೆ ಮರಳಿದಾಗ ಎಡಗಣ್ಣಿಗೂ ಪೊರೆ. 1771ರಲ್ಲಿ ಮನೆಗೆ ಬೆಂಕಿ ಬಿತ್ತು. ಅದೇ ವರ್ಷ ಮಾಡಿಸಿದ ಶಸ್ತ್ರಚಿಕಿತ್ಸೆಯಿಂದ ಮರಳಿದ ದೃಷ್ಟಿಯೂ ಹೆಚ್ಚು ದಿನ ಉಳಿಯಲಿಲ್ಲ.

ಮರುವರ್ಷವೇ, 1772ರಲ್ಲಿ, ನಮ್ಮ ‘ಇಂಟ್’ ಸಂಖ್ಯೆಯ ಫಲಿತಾಂಶ ಪ್ರಕಟಿಸಿದರು. ಅದು ಅವಿಭಾಜ್ಯವೇ ಎಂದು ನೇರವಾಗಿ ಪರೀಕ್ಷಿಸಬೇಕಾದರೆ 46,340ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅಂಥವು ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ಆಯ್ಲರ್ ಮೊದಲು ಯೋಚಿಸಿದರು. ಇದನ್ನು ಭಾಗಿಸುವ ಅವಿಭಾಜ್ಯ ಇದ್ದದ್ದೇ ಆದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು ಎಂದು ಕಂಡುಕೊಂಡರು. ಉಳಿದದ್ದು ಹೆಚ್ಚೆಂದರೆ 372 ಸಂಖ್ಯೆಗಳು. ಯಾವುದೂ ಭಾಗಿಸಲಿಲ್ಲ. ಹಲವು ದಶಕಗಳವರೆಗೆ ಇದೇ ಜಗತ್ತಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯಾಗಿತ್ತು. ಇದರಿಂದ 19 ಅಂಕಿಗಳ ಒಂದು ಪರಿಪೂರ್ಣ ಸಂಖ್ಯೆಯೂ ದೊರೆಯಿತು.

1783ರಲ್ಲಿ ತೀರಿಕೊಳ್ಳುವ ದಿನವೂ ಲೆಕ್ಕ ಮಾಡುತ್ತಿದ್ದರು. ಅವರು ಬಾಯಲ್ಲಿ ಹೇಳಿದ್ದನ್ನು ಮಕ್ಕಳು, ಶಿಷ್ಯರು ಬರೆದುಕೊಳ್ಳುತ್ತಿದ್ದರು. ಅವರ ಒಟ್ಟು ಬರಹದಲ್ಲಿ ಸುಮಾರು ಅರ್ಧ ಹೀಗೆ ದೃಷ್ಟಿ ಕಳೆದುಕೊಂಡ ಮೇಲಿನದು.

ನಮ್ಮ ಕಾಲೇಜಿನಲ್ಲಿ ಈಗ ಪ್ಲೇಸ್‌ಮೆಂಟ್ ಕಾಲ. ಮೂರ್ನಾಲ್ಕು ಕಡೆ ‘ಇಲ್ಲ’ ಎನಿಸಿಕೊಂಡ ಸೀನಿಯರ್‌ಗಳು ಹಾಸ್ಟೆಲ್‌ನಲ್ಲಿ ಯಾರ ಜೊತೆಗೂ ಮಾತಾಡುತ್ತಿಲ್ಲ. ಮುಂದಿನ ವರ್ಷ ಆ ಸಾಲಿನಲ್ಲಿ ನಾನೂ ಇರುತ್ತೇನೆ. ಭಯವಿದೆ. ಆದರೆ ತಮ್ಮೂರಲ್ಲೇ ಕೆಲಸ ಸಿಗದೆ ಹೊರಟ ಇಪ್ಪತ್ತರ ಹುಡುಗನೊಬ್ಬ ಏನಾದ ಎಂಬುದು ಈಗ ನನಗೆ ಗೊತ್ತಿದೆ. ನಾಲ್ಕೂವರೆ ಸಾವಿರ ಭಾಗಾಕಾರಕ್ಕೆ ಹೆದರುವ ಮೊದಲು ಅದನ್ನು 372ಕ್ಕೆ ಇಳಿಸುವ ದಾರಿ ಇದೆಯೇ ಎಂದು ಹುಡುಕುವುದನ್ನೂ ಅವರಿಂದಲೇ ಕಲಿಯುತ್ತಿದ್ದೇನೆ.