ಬೂದಿಕೋಟೆಯ ಹೈದರಾಲಿ

ನಮ್ಮ ಕೋಲಾರ ಸೀಮೆಯ ಬೂದಿಕೋಟೆಯೇ ಹೈದರಾಲಿಯ ಜನ್ಮಸ್ಥಳ. ಶಿರಾದ ನವಾಬನ ಸೇವೆಯಲ್ಲಿದ್ದ ತಂದೆ ಫತೇಮಹಮ್ಮದನಿಗೆ ಅದು ಜಹಗೀರಾಗಿದ್ದಿತು. ತಂದೆಯು ಯುದ್ಧದಲ್ಲಿ ಮಡಿಯಲು ಕುಟುಂಬವು ದಿಕ್ಕುಗೆಟ್ಟಿತು. ಬಾಲಕನಿಗೆ ಅಕ್ಷರಾಭ್ಯಾಸವೂ ಒದಗಲಿಲ್ಲ. ಆದರೂ 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಪರಾಕ್ರಮ ತೋರಿ ಮೈಸೂರಿನ ಸೇನೆಯಲ್ಲಿ ಗಣ್ಯನಾದನು. 1761ರಲ್ಲಿ ರಾಜ್ಯಾಧಿಕಾರವನ್ನೇ ಕೈವಶಮಾಡಿಕೊಂಡು, ಅನ್ನವಿತ್ತ ಅರಸುಮನೆಯನ್ನು ಹೆಸರಿಗಷ್ಟೇ ಉಳಿಸಿದುದು ಮೆಚ್ಚತಕ್ಕುದಲ್ಲ. ಬೆಂಗಳೂರಿನ ಮಣ್ಣಿನ ಕೋಟೆಯನ್ನು ಕಲ್ಲಿನಿಂದ ಕಟ್ಟಿಸಿದವನೂ ಈತನೇ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡನು. ಮಗ ಟಿಪ್ಪು ಮಲಬಾರಿನಿಂದ ಬರುವವರೆಗೆ ಪೂರ್ಣಯ್ಯ ಮೊದಲಾದವರು ಮರಣವಾರ್ತೆಯನ್ನು ಗುಟ್ಟಾಗಿಟ್ಟರು. ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿ ಶರೀರವನ್ನಿರಿಸಿ, ಖಜಾನೆಯನ್ನು ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ತಂದು, ತಂದೆಯ ಗೋರಿಯ ಬಳಿ ಇಟ್ಟರು. ಶ್ರೀರಂಗಪಟ್ಟಣಕ್ಕೆ ಒಯ್ದುದು ಅನಂತರ.